ಜವರನ ಇಟ್ಟಿಗೆ

ಬೇರೆ ಊರಿನ ಸೇತುವೆಗಳು ಕಟ್ಟುವಾಗ ಒಂದು ಬಲಿ ತಿಂದು ಸುಮ್ಮನಾದವು ಎನ್ನುತ್ತಾರೆ. ನಮ್ಮೂರಿನದು ಜೀವ ಕೇಳಲಿಲ್ಲ, ಬದುಕು ಕೇಳಿತು. ಜೀವವಾದರೆ ಒಂದು ಸಲ ಕೊಟ್ಟು, ಅತ್ತು, ಹೆಸರಿಗೊಂದು ಕಲ್ಲು ನೆಟ್ಟು ಮರೆಯಬಹುದು. ಬದುಕನ್ನು ದಿನಾ ಕೊಡಬೇಕು. ನಮ್ಮ ಇಟ್ಟಿಗೆ ಕೇರಿಯವರು ತಲೆಮಾರುಗಳಿಂದ ಕೊಟ್ಟರು. ಊರಿನವರು ಅದರ ಮೇಲೆ ಎತ್ತಿನ ಗಾಡಿ, ಮದುವೆ ದಿಬ್ಬಣ, ದೊಡ್ಡವರ ಹೆಣ, ಆಮೇಲೆ ಲಾರಿ, ಬಸ್ಸು ಎಲ್ಲವನ್ನೂ ದಾಟಿಸಿದರು.

ಅದು ಐದು ಕಮಾನಿನ ಸೇತುವೆ. ನಮ್ಮ ಹೊಳೆಯ ಅಕ್ಕಪಕ್ಕ ಎಲ್ಲಿ ಅಗೆದರೂ ಮಣ್ಣೇ, ಮನೆ ಹೊಸ್ತಿಲಿಗೆ ಹಾಕಲೂ ಒಂದು ಕಲ್ಲು ಸಿಗುವುದಿಲ್ಲ. ಹಾಗಾಗಿ ಬುಡದಿಂದ ನೆತ್ತಿಯವರೆಗೆ ಇಟ್ಟಿಗೆ. ನಡುವಿನ ಕಮಾನು ಎಲ್ಲಕ್ಕಿಂತ ಎತ್ತರ, ಅದರಿಂದ ಮೇಲಿನ ದಾರಿಗೆ ಮುದುಕಿಯ ಬೆನ್ನಿನ ಹಾಗೆ ಗೂನು ಬಂದಿತ್ತು. ನೀರು ಬರುವ ದಿಕ್ಕಿಗೆ ಪ್ರತಿ ಕಂಬಕ್ಕೂ ದೋಣಿಯ ಮೂತಿಯಂಥ ಚೂಪು ಕಟ್ಟೆ, ಹೊಳೆ ಅಲ್ಲಿಗೆ ಬಂದು ಸೀಳಿ ಎರಡಾಗಿ ಹೋಗುತ್ತಿತ್ತು. ಎರಡು ಕಮಾನುಗಳ ನಡುವೆ ಒಂದೊಂದು ದುಂಡನೆಯ ಕಿಂಡಿ. ಪ್ರವಾಹ ಬಂದಾಗ ಸೇತುವೆ ಆ ಕಿಂಡಿಗಳಿಂದ ನೀರು ಕುಡಿದು ಆಚೆ ಉಗುಳುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಕಮಾನಿಗೆ ಬೇಕಾದ ಇಟ್ಟಿಗೆಯ ಅಚ್ಚೇ ಬೇರೆ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಬೆಣೆಯ ಹಾಗೆ ಒಂದಕ್ಕೊಂದು ಆತುಕೊಂಡರೆ ಮಾತ್ರ ಗಾಳಿಯಲ್ಲಿ ನಿಲ್ಲುತ್ತದೆ. ಸುಣ್ಣ, ಇಟ್ಟಿಗೆ ಪುಡಿ, ಬೆಲ್ಲದ ನೀರು, ಅಳಲೆಕಾಯಿ ರಸ ಹಾಕಿ ಅರೆದ ಗಾರೆ. ಇಷ್ಟೆಲ್ಲ ಮಾಡಿಯೂ, ಕೆಳಗಿನ ಮರದ ಆಸರೆ ತೆಗೆದ ಕೂಡಲೇ ಮೊದಲ ಕಮಾನು ಕುಸಿಯಿತಂತೆ. ಮತ್ತೆ ಕಟ್ಟಿದರು, ಮತ್ತೆ ಕುಸಿಯಿತು. ಆ ಸಲ ಒಂದೇ ಒಂದು ಇಟ್ಟಿಗೆ ಮಾತ್ರ ಕಂಬಕ್ಕೆ ಕಚ್ಚಿಕೊಂಡು ಉಳಿದಿತ್ತು. ಮುಟ್ಟಿದರೆ ಬೆಚ್ಚಗಿತ್ತು. ಕಿತ್ತು ನೋಡಿದರೆ ಅದರ ಮೈಮೇಲೆ ಪುಟ್ಟ ಅಂಗೈ ಗುರುತು. ಕೇರಿಯ ಯಾವುದೋ ಕೂಸು ಒಣಗಲು ಹರಡಿದ್ದ ಹಸಿ ಇಟ್ಟಿಗೆಗಳ ಮೇಲೆ ಅಂಬೆಗಾಲಿಟ್ಟು ಹೋಗಿತ್ತು.

ಅಂದಿನಿಂದ ದೊರೆಯ ಅಪ್ಪಣೆಯಾಯಿತು, ಕೇರಿಯವರೆಲ್ಲ ಅಂಗೈ ಕೊಡಬೇಕು. ಕೊಟ್ಟರು. ಸೇತುವೆ ನಿಂತಿತು. ಆ ದೊರೆಯ ಹೆಸರು ಎಲ್ಲಿಂದಲೋ ತರಿಸಿದ ಕಲ್ಲಿನ ಮೇಲೆ ಸೇತುವೆಯ ತಲೆಯಲ್ಲಿ ಕೂತಿತು. ಅವನ ಕೈ ಮಾತ್ರ ಅದರೊಳಗೆ ಎಲ್ಲೂ ಇರಲಿಲ್ಲ. ನಮ್ಮ ಕೈಯೇ ಯಾಕೆ ಬೇಕಾಯಿತು, ಊರವರ ಕೈ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತಿತ್ತೋ ಏನೋ. ಅವರಲ್ಲಿ ಯಾರೂ ಮಣ್ಣಿಗೆ ಕೈ ಹಾಕಿ ನೋಡಲಿಲ್ಲ.

ಕೇರಿಯಲ್ಲಿ ಮಗುವಿನ ಮೊದಲ ಹಾಲುಹಲ್ಲು ಬಿದ್ದಾಗ ತಾಯಿ ಮಣ್ಣು ತುಳಿಯುತ್ತಿದ್ದಳು. ಅಚ್ಚಿನಲ್ಲಿ ಇಟ್ಟಿಗೆ ಕೊಯ್ದು, ಮಗುವಿನ ಕೈ ಹಿಡಿದು ಅದರ ಅಗಲದ ಮೈಗೆ ಒತ್ತಿಸುತ್ತಿದ್ದಳು. ಕಮಾನಿನಲ್ಲಿ ಆ ಅಂಗೈ ಕಾಣುವುದಿಲ್ಲ, ಪಕ್ಕದ ಇಟ್ಟಿಗೆಯ ಬೆನ್ನ ಮೇಲೆ ಇರುತ್ತದೆ. ಹೊರಗೆ ಕಾಣುವುದು ಇಟ್ಟಿಗೆಯ ಸಣ್ಣ ಮುಖ ಮಾತ್ರ. ಹಾಗಾಗಿ ಅಲ್ಲಿ ತಾಯಿ ತನ್ನದೊಂದು ಗುರುತು ಮಾಡುತ್ತಿದ್ದಳು. ಒಬ್ಬಳು ಭತ್ತದ ಕಾಳು ಒತ್ತಿದರೆ ಇನ್ನೊಬ್ಬಳು ಉಗುರಿನಲ್ಲಿ ಗೀರುತ್ತಿದ್ದಳು. ನಮ್ಮವ್ವ ಮಂಚವ್ವನದು ಬಳೆಯ ಗುರುತು. ಅವಳ ಎಡಗೈಯ ಬಳೆ ಒಂದು ಕಡೆ ಮುಕ್ಕಾಗಿತ್ತು, ಗುರುತಿನಲ್ಲೂ ಆ ಮುಕ್ಕು ಮೂಡುತ್ತಿತ್ತು. ಗೂಡಿನಲ್ಲಿ ಸುಟ್ಟು ಸೇತುವೆಯಲ್ಲಿ ಕೂರಿಸಿದ ಮೇಲೆ, ಮೇಲಿನವರ ಭಾರ ಬಿದ್ದ ಮೇಲೆ, ಇಟ್ಟಿಗೆ ಬೆಚ್ಚಗಾಗುತ್ತಿತ್ತು. ಆ ಮಗು ಬೆಳೆದು, ಮುಪ್ಪಾಗಿ, ಎಲ್ಲೇ ಇರಲಿ, ಬದುಕಿರುವವರೆಗೂ ಬೆಚ್ಚಗಿರುತ್ತಿತ್ತು. ಸತ್ತ ದಿನ ತಣ್ಣಗಾಗಿ ಗಾರೆ ಬಿಟ್ಟು, ಅಲ್ಲಾಡುವ ಹಲ್ಲಿನ ಹಾಗೆ ಮುಂದಕ್ಕೆ ಬರುತ್ತಿತ್ತು. ಆಗ ಗಾರೆ ಕೂಸಯ್ಯ ಅದನ್ನು ಹುಷಾರಾಗಿ ಬಿಡಿಸಿ, ಆ ಸಂದಿಗೆ ಹೊಸ ಮಗುವಿನ ಇಟ್ಟಿಗೆ ಕೂರಿಸುತ್ತಿದ್ದ. ತಣ್ಣಗಾದದ್ದನ್ನು ನಾವು ಹೊಳೆದಂಡೆಯ ದಿಬ್ಬದಲ್ಲಿ ಅಂಗೈ ಕೆಳಗೆ ಮಾಡಿ ಹೂಳುತ್ತಿದ್ದೆವು. ದೂರದ ಕೆಲಸಕ್ಕೆ ಹೋದ ನಮ್ಮವರ ಹೆಣ ಊರಿಗೆ ಬರುವುದು ಅಪರೂಪ. ಎಷ್ಟೋ ಜನಕ್ಕೆ ಇಟ್ಟಿಗೆಯೇ ಹೆಣ.

ಊರು ಇದಕ್ಕೆ ಹೊಂದಿಕೊಂಡಿತ್ತು. ಮಾಗಿಯಲ್ಲಿ ನಾಯಿಗಳು ಕಮಾನಿನ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಮಲಗುತ್ತಿದ್ದವು. ಅಗಸರು ಮಳೆಗಾಲದಲ್ಲಿ ಒದ್ದೆ ಬಟ್ಟೆಗಳನ್ನು ಅಲ್ಲೇ ಹರಡುತ್ತಿದ್ದರು. ನೆಗಡಿಯಾದ ಕೂಸನ್ನು ತಾಯಂದಿರು ಇಟ್ಟಿಗೆಗೆ ಎದೆ ತಾಗಿಸಿ ಕೂರುತ್ತಿದ್ದರು. ಆಚೆ ದಡದ ಅಂಗಡಿ ಬೀದಿಗೆ ಕೂಲಿಗೆ ಹೋಗುವ ನಮ್ಮವರು ಮೊದಲು ಕೆಳಗಿಳಿದು ತಂತಮ್ಮವರ ಇಟ್ಟಿಗೆ ಮುಟ್ಟಿ, ಆಮೇಲೆ ಮೇಲೆ ಹತ್ತುತ್ತಿದ್ದರು. ಜಗಳವಾಡಿ ಮಾತು ಬಿಟ್ಟ ಅಣ್ಣತಮ್ಮಂದಿರು ಕೂಡ ಯಾರೂ ನೋಡದ ಹೊತ್ತಿನಲ್ಲಿ ಬಂದು ಮುಟ್ಟಿ ಹೋಗುತ್ತಿದ್ದರು. ಎರಡನೇ ಕಮಾನಿನ ಕೆಳಗೆ ನಾವು ಕೆಲವರು ಭಾನುವಾರ ಕೂತು ಪುಸ್ತಕ ಓದುತ್ತಿದ್ದೆವು. ಓದು ಬಾರದವರಿಗೆ ಬಂದವರು ಓದಿ ಹೇಳಬೇಕು ಎಂಬುದು ಅಲ್ಲಿನ ನಿಯಮ. ಅಕ್ಷರವನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಆ ಬೆಚ್ಚನೆಯ ಗೋಡೆಗೆ ಒರಗಿ. ಮೇಲೆ ಊರಿನವರು ನಡೆಯುತ್ತಿದ್ದರು. ಅವರಿಗೆ ನಮ್ಮ ಕೈ ತಾಗಿದರೆ ಮೈಲಿಗೆ. ನಮ್ಮ ಕೈಗಳ ಮೇಲೆ ಚಪ್ಪಲಿ ಹಾಕಿ ನಡೆದರೆ ಅಲ್ಲ.

ನನ್ನ ತಮ್ಮ ಜವರನ ಇಟ್ಟಿಗೆ ಇದ್ದದ್ದು ಎರಡನೇ ಕಮಾನಿನ ಬುಡದಲ್ಲಿ, ನಿಂತರೆ ಎದೆಯ ಎತ್ತರಕ್ಕೆ. ಅವನು ಮೀಸೆ ಮೂಡುವ ವಯಸ್ಸಿನಲ್ಲೇ ಮೇಸ್ತ್ರಿಯೊಬ್ಬನ ಲಾರಿ ಹತ್ತಿ ಬೆಟ್ಟಗಳ ಆಚೆ ಸುರಂಗ ಕೊರೆಯುವ ಕೆಲಸಕ್ಕೆ ಹೋದ. ಜೊತೆಗೆ ಹೋದವರು ಒಂದು ಹಬ್ಬಕ್ಕೆ ತಿರುಗಿ ಬಂದರು, ಜವರ ಬರಲಿಲ್ಲ. ಇನ್ನೂ ಮುಂದಕ್ಕೆ, ಕಡಲ ಕಡೆಗೆ ಹೋದ ಎಂದರು. ಯಾವ ಊರು ಎಂದು ಯಾರಿಗೂ ಗೊತ್ತಿರಲಿಲ್ಲ. ಅವನಿಗೆ ಬರೆಯಲು ಬರುತ್ತಿರಲಿಲ್ಲ, ಅವ್ವನಿಗೆ ಓದಲು ಬರುತ್ತಿರಲಿಲ್ಲ. ಅವರಿಬ್ಬರ ನಡುವೆ ಇದ್ದದ್ದು ಆ ಇಟ್ಟಿಗೆ ಒಂದೇ.

ಅವ್ವ ಬೆಳಗ್ಗೆ ಮುಖ ತೊಳೆದ ಕೂಡಲೇ ಅಲ್ಲಿಗೆ ಹೋಗಿ ಅಂಗೈ ಇಟ್ಟು ನಿಲ್ಲುತ್ತಿದ್ದಳು. ಒಂದು ದಿನ ಇಟ್ಟಿಗೆ ಎಂದಿಗಿಂತ ಬಿಸಿಯಾಗಿತ್ತು. ಮಗನಿಗೆ ಮೈ ಕಾದಿದೆ ಎಂದು ಮನೆಗೆ ಓಡಿಬಂದು ಮೆಣಸಿನ ಕಷಾಯ ಕಾಯಿಸಿ, ತಣಿಸಿ, ಇಟ್ಟಿಗೆಯ ಬುಡಕ್ಕೆ ಸುರಿದಳು. ಎರಡು ದಿನದಲ್ಲಿ ಬಿಸಿ ಇಳಿಯಿತು. ಕಷಾಯ ಕೆಲಸ ಮಾಡಿತು ನೋಡು ಎಂದು ನನಗೆ ಹೇಳಿ ನಕ್ಕಳು. ನಾನೂ ನಕ್ಕೆ. ಮಗ ಎಲ್ಲಿ ಎಂದು ಯಾರಾದರೂ ಕೇಳಿದರೆ ಅವಳ ಉತ್ತರ ಒಂದೇ: “ಎಲ್ಲೋ ಅವ್ನೆ. ಬೆಚ್ಚಗವ್ನೆ.”

ಹೊಸ ಸೇತುವೆ ಬರುತ್ತದೆ ಎಂದಾಗ ನಾವು ಸಂತೋಷಪಟ್ಟೆವು. ಸುಳ್ಳು ಯಾಕೆ ಹೇಳಲಿ, ನಮ್ಮ ಓದಿನ ಬಳಗವೇ ಅದಕ್ಕಾಗಿ ಕೂಗಿತ್ತು. ಸಿಮೆಂಟಿನ ಸೇತುವೆಗೆ ಯಾರ ಮಗುವಿನ ಕೈಯೂ ಬೇಡ, ನಮ್ಮ ಮಕ್ಕಳು ಹುಟ್ಟುವಾಗಲೇ ಊರಿನ ಭಾರ ಹೊತ್ತು ಹುಟ್ಟಬೇಕಾಗಿಲ್ಲ ಎಂದು ನಾವೇ ಮಾತಾಡಿದ್ದೆವು. ಅದು ಹಳೆಯದರಿಂದ ಸ್ವಲ್ಪ ಕೆಳಗಡೆ ಹೊಳೆಗೆ ಅಡ್ಡಲಾಗಿ ನೆಟ್ಟಗೆ, ಬೋಳಾಗಿ ಎದ್ದು ನಿಂತಿತು. ಹಳೆಯದು ಹಾಗೇ ಇರುತ್ತದೆ, ನಮ್ಮ ಪಾಡಿಗೆ ನಾವು ಮುಟ್ಟಿಕೊಂಡು ಇರುತ್ತೇವೆ ಎಂದುಕೊಂಡಿದ್ದೆವು. ಹಳೆಯದರ ಮೇಲೆ ಬೇರೆಯವರ ಕಣ್ಣೂ ಇರಬಹುದು ಎಂಬುದು ನಮಗೆ ಹೊಳೆಯಲೇ ಇಲ್ಲ.

ಮೊದಲು ಆಸೆಪಟ್ಟವರು ಯಾರೋ ತಿಳಿಯದು. ಮಂಡಿ ನೋವಿನ ಯಾವುದೋ ಯಜಮಾನರು ಬಚ್ಚಲಿನ ಗೋಡೆಗೆ ಇಂಥ ನಾಲ್ಕು ಇಟ್ಟಿಗೆ ಹಾಕಿಸಿಕೊಂಡರೆ ಚಳಿಗಾಲ ಕಳೆಯಬಹುದಲ್ಲ ಎಂದರಂತೆ. ಆಮೇಲೆ ಊರೆಲ್ಲ ಅದೇ ಮಾತು. ಬಾಣಂತಿ ಕೋಣೆಗೆ ಬೇಕು, ಬಾಳೆಕಾಯಿ ಹಣ್ಣು ಮಾಡುವ ಗೋದಾಮಿಗೆ ಬೇಕು, ಮುಂಜಾನೆ ತಣ್ಣೀರು ಸ್ನಾನ ಮಾಡಿ ಪೂಜೆಗೆ ಕೂರುವವರ ಕಾಲಡಿಗೆ ಬೇಕು. ಮೈಲಿಗೆಯ ಮಾತು ಬಂದಾಗ ಅವರವರೇ ಪರಿಹಾರವನ್ನೂ ಕಂಡುಕೊಂಡರು. ಬೆಂಕಿಯಲ್ಲಿ ಬೆಂದದ್ದಕ್ಕೆ ಮೈಲಿಗೆಯಿಲ್ಲ. ಮುನಿಸಿಪಾಲಿಟಿಯವರು ಹಳೇ ಸೇತುವೆ ಅಪಾಯ ಎಂದು ಹಲಗೆ ಹೊಡೆದು, ಇಟ್ಟಿಗೆಗಳನ್ನು ಹರಾಜಿಗೆ ಇಟ್ಟರು.

ನಾವು ಹೋಗಿ ಕೇಳಿದೆವು. ನಮ್ಮವರ ಇಟ್ಟಿಗೆ ನಮಗೆ ಕೊಡಿ ಎಂದೆವು. ಸೇತುವೆ ಸರ್ಕಾರದ್ದು, ಇಟ್ಟಿಗೆಯೂ ಸರ್ಕಾರದ್ದು, ಬೇಕಾದರೆ ಎಲ್ಲರ ಹಾಗೆ ಹರಾಜು ಕೂಗಿ ತಗೊಳ್ಳಿ ಎಂದರು. ಅದರೊಳಗಿರುವ ಕೈ ಯಾರದು ಎಂದು ನಾನು ಕೇಳಿದೆ. ಕುರ್ಚಿಯಲ್ಲಿ ಕೂತಿದ್ದವನು ನನ್ನ ಕೈ ನೋಡಿ, ನಿನ್ನ ಕೈ ನಿನ್ನ ಹತ್ತಿರವೇ ಇದೆಯಲ್ಲಮ್ಮ ಎಂದ. ಸುತ್ತ ಇದ್ದವರು ನಕ್ಕರು.

ಕೆಡವುವ ದಿನ ಇಡೀ ಕೇರಿ ಕಮಾನುಗಳ ಕೆಳಗೆ ಹೋಗಿ ನಿಂತಿತು. ಘೋಷಣೆ ಕೂಗುವುದೆಂದು ತೀರ್ಮಾನವಾಗಿತ್ತು. ಆದರೆ ಅಲ್ಲಿ ಹೋದಮೇಲೆ ಎಲ್ಲರೂ ತಂತಮ್ಮವರ ಇಟ್ಟಿಗೆಯ ಮೇಲೆ ಕೈ ಇಟ್ಟು, ಹಣೆ ಆನಿಸಿ ನಿಂತುಬಿಟ್ಟರು. ಪೊಲೀಸರು ಬಂದು ಒಬ್ಬೊಬ್ಬರನ್ನೇ ಬಿಡಿಸಿದರು. ಗೋಡೆಗೆ ಹತ್ತಿದ ಬಳ್ಳಿ ಕಿತ್ತ ಹಾಗೆ. ಅವ್ವನನ್ನು ಬಿಡಿಸಲು ಇಬ್ಬರು ಬೇಕಾದರು. ಕೂಸಯ್ಯ, ಜೀವಮಾನವಿಡೀ ಆ ಕಮಾನುಗಳನ್ನು ಸಾಕಿದವನು, ಹೊಳೆಯ ಆಚೆ ಮುಖ ಮಾಡಿ ಕೂತಿದ್ದ. ಮೊದಲ ಹಾರೆ ಬಿದ್ದಾಗ ಮೈ ಕುಗ್ಗಿಸಿದ, ತಿರುಗಲಿಲ್ಲ.

ಕೆಲವು ಇಟ್ಟಿಗೆಗಳು ಒಡೆದವು. ಆ ಅಂಗೈ ಕೊಟ್ಟವರಿಗೆ ಏನೂ ಆಗಲಿಲ್ಲ, ಎರಡು ಚೂರೂ ಬೆಚ್ಚಗೇ ಇದ್ದವು. ನನ್ನದನ್ನು ಯಾರೋ ಬಾಳೆಮಂಡಿಯವರು ಕೊಂಡುಹೋದರೆಂದು ಕೇಳಿದೆ. ಎಷ್ಟೋ ಲೋಡು ಹಣ್ಣನ್ನು ನಾನು ಮಾಗಿಸಿರಬೇಕು, ಒಂದೂ ತಿನ್ನಲಿಲ್ಲ. ಜವರನದು ಎಲ್ಲಿಗೆ ಹೋಯಿತೆಂದು ಹುಡುಕಬೇಕಾಗಲಿಲ್ಲ. ನಾನು ಜವಳಿ ಅಂಗಡಿ ನಾಗಭೂಷಣಯ್ಯನವರ ಮನೆಯ ಹಿತ್ತಲಲ್ಲಿ ಸಗಣಿ ಬಾಚುವ, ಕಸ ಹೊಡೆಯುವ ಕೆಲಸಕ್ಕಿದ್ದೆ. ಅಲ್ಲಿ ಗಾಡಿಯಿಂದ ಇಳಿಸಿದ ಇಟ್ಟಿಗೆ ರಾಶಿಯಲ್ಲಿ ಮುಕ್ಕಾದ ಬಳೆಯ ಗುರುತು ಕಂಡಿತು. ಮುಟ್ಟಿದೆ. ಜವರ ಬೆಚ್ಚಗಿದ್ದ. ಸೆರಗಿನಲ್ಲಿ ಸುತ್ತಿಕೊಂಡು ಹೊರಟುಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಕೆಲಸದವರು ಬಂದು ಎಣಿಸಿ ಒಳಗೆ ಸಾಗಿಸಿದರು. ಅದು ದೇವರಮನೆಗೆ ಹೋಯಿತು. ದೇವರ ಮಂಟಪದ ಕೆಳಗಿನ ಸಾಲಿನಲ್ಲಿ ಕೂರಿಸಿದರು. ನನ್ನ ತಮ್ಮ ಈ ಲೋಕದಲ್ಲಿ ಒಂದು ದೇವರಮನೆಯೊಳಗೆ ಕಾಲಿಟ್ಟದ್ದು ಹಾಗೆ, ಮಂಟಪ ಹೊರಲು.

ಅವ್ವನಿಗೆ ಹೇಳಿದೆ. ಮರುದಿನದಿಂದ ಅವಳು ನನ್ನ ಜೊತೆ ಬಂದು ಹಿತ್ತಲ ಬಾಗಿಲಿನಿಂದ ದೂರ, ಬೇವಿನ ಮರದ ಕೆಳಗೆ ನಿಲ್ಲತೊಡಗಿದಳು. ಮನೆಯೊಡತಿ ವಿಶಾಲಾಕ್ಷಮ್ಮ ಕೆಟ್ಟವರಲ್ಲ. ಹಳಸದ ಅನ್ನವನ್ನೇ ನಮಗೆ ಹಾಕುತ್ತಿದ್ದ ಹೆಂಗಸು. ಮೊದಲ ದಿನ ಯಾರಿವಳು ಎಂದು ವಿಚಾರಿಸಿದರು. ನಾನು ವಿಷಯ ಹೇಳಿ, ಒಂದೇ ಒಂದು ಸಲ ಒಳಗೆ ಬಂದು ಮುಟ್ಟಿ ಹೋಗುತ್ತಾಳೆ ಎಂದು ಕೇಳಿದೆ. ಅವರು, ದೇವರಮನೆ ಕಣೇ ಅದು, ನನ್ನ ಕೈಲಿ ಏನಿದೆ ಹೇಳು, ಯಜಮಾನರಿಗೆ ತಿಳಿದರೆ ಮನೆಯೇ ಉಳಿಯಲ್ಲ ಎಂದರು. ಆಮೇಲೆ ಅವರಿಗೇ ಮನಸ್ಸು ತಡೆಯಲಿಲ್ಲವೇನೋ.

“ನಾನೇ ಮುಟ್ಟಿ ನೋಡಿ ಹೇಳ್ತೀನಿ. ಆಗುತ್ತೇನಮ್ಮಾ?”

ಅವ್ವ ಮರದ ಕೆಳಗಿಂದಲೇ ಕೈ ಮುಗಿದಳು. ವಿಶಾಲಾಕ್ಷಮ್ಮ ಒಳಗೆ ಹೋಗಿ ಬಂದು, ಬೆಚ್ಚಗಿದೆ ಎಂದರು. ಹೆಂಗೆ ಬೆಚ್ಚಗಿದೆ ಎಂದು ಅವ್ವ ಕೇಳಿದಳು. ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಕರುವಿನ ಮೂತಿಯ ಹಾಗಾ, ಈಗಷ್ಟೇ ಎದ್ದ ಹಾಸಿಗೆಯ ಹಾಗಾ, ರೊಟ್ಟಿ ಸುಟ್ಟು ಇಳಿಸಿದ ಕಾವಲಿಯ ಹಾಗಾ ಎಂದು ಅವ್ವ ಬಿಡಿಸಿ ಕೇಳಿದಳು. ವಿಶಾಲಾಕ್ಷಮ್ಮ ಮತ್ತೆ ಒಳಗೆ ಹೋಗಿ ಬಂದು, ಹಾಸಿಗೆಯ ಹಾಗೆ ಎಂದರು. ಅವ್ವ ಉಸಿರು ಬಿಟ್ಟಳು. ಹಾಸಿಗೆ ಅಂದರೆ ಮಗ ಚೆನ್ನಾಗಿದ್ದಾನೆ.

ಹೀಗೇ ನಡೆಯಿತು. ನಾನು ಸಗಣಿ ಬಾಚುವುದು, ಅವ್ವ ಮರದ ಕೆಳಗೆ ಕಾಯುವುದು, ಅವರು ಬಾಗಿಲಿಗೆ ಬಂದು ಒಂದು ಮಾತು ಹೇಳುವುದು. ಹೊಳೆಯಲ್ಲಿ ಹಳೇ ಸೇತುವೆಯ ಕಂಬಗಳ ಮೋಟು ಬುಡ ಮಾತ್ರ ಉಳಿದಿತ್ತು, ದೋಣಿಮೂತಿಗಳು ಹೊರಲು ಏನೂ ಇಲ್ಲದೆ ಬರಿದೇ ನೀರು ಸೀಳುತ್ತಿದ್ದವು. ಕೇರಿಯವರು ಕೆಲಸಕ್ಕೆ ಹೊಸ ಸೇತುವೆಯ ಮೇಲೆ ಹೋಗುವಾಗ ಸಿಮೆಂಟಿನ ತಡೆಗೋಡೆಯನ್ನು ಸವರಿಕೊಂಡು ನಡೆಯುವುದನ್ನು ನಾನು ನೋಡಿದ್ದೇನೆ. ಕೈಗೆ ಅಭ್ಯಾಸ ಬಿಟ್ಟಿರಲಿಲ್ಲ.

ಆ ವರ್ಷ ದೀಪಾವಳಿ ಕಳೆದು ಚಳಿ ಬಿದ್ದಿತ್ತು. ಬೆಳಗ್ಗೆ ವಿಶಾಲಾಕ್ಷಮ್ಮ ಎಂದಿನಂತೆ ಬಂದು, ಬೆಚ್ಚಗಿದೆ ಕಣಮ್ಮ, ಹಾಸಿಗೆಯ ಹಾಗೆ, ಎಂದರು. ಅವ್ವ ಕೈ ಮುಗಿದು ಹೊರಟುಹೋದಳು. ನಾನು ಬಟ್ಟೆ ಒಗೆಯುವ ಕಲ್ಲಿನ ಸುತ್ತ ಪಾಚಿ ಉಜ್ಜಲು ಕೂತೆ. ಕಲ್ಲು ಅಲ್ಲಾಡದಂತೆ ಕೆಳಗೆ ಒಂದು ಇಟ್ಟಿಗೆ ಕೊಟ್ಟಿದ್ದರು. ಸೋಪಿನ ನೊರೆ ಸರಿಸಿದಾಗ ಬಳೆಯ ಗುರುತು ಕಾಣಿಸಿತು. ಅದರ ಮುಕ್ಕೂ ಕಾಣಿಸಿತು. ಅಂಗೈ ಇಟ್ಟೆ. ನೀರಿನ ತಣುಪಿರಬೇಕು ಎಂದು ಸೆರಗಿನಿಂದ ಒರೆಸಿ ಮತ್ತೆ ಇಟ್ಟೆ. ಕಲ್ಲನ್ನು ಎತ್ತಿ ಇಟ್ಟಿಗೆ ಈಚೆ ತೆಗೆದು ತಿರುವಿದೆ. ಹಾಲುಹಲ್ಲು ಬಿದ್ದ ವಯಸ್ಸಿನ ಜವರನ ಅಂಗೈ, ಐದು ಬೆರಳೂ ಬಿಡಿಸಿಕೊಂಡು, ಅದರ ಗೀರುಗಳ ತುಂಬ ಸೋಪಿನ ಕೊಳೆ.

ವಿಶಾಲಾಕ್ಷಮ್ಮ ಬಾಗಿಲಲ್ಲೇ ನಿಂತಿದ್ದರು. ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

“ಹಬ್ಬಕ್ಕೆ ಮುಂಚೆನೇ ತಣ್ಣಗಾಯ್ತು. ಅವರು ತೆಗೆಸಿ ಬೇರೆ ಹಾಕಿಸಿದ್ರು.”

“ಮತ್ತೆ ದಿನಾ ಬೆಚ್ಚಗದೆ ಅಂತಿದ್ರಲ್ಲ ಅಮ್ಮಾರೆ.”

“ಈಗ ಹಾಕಿರೋದು ಬೆಚ್ಚಗೇ ಇದೆ ಕಣೇ. ಅದನ್ನ ಮುಟ್ಟಿ ಬಂದೇ ಹೇಳ್ತಿದ್ದೆ. ಸುಳ್ಳು ಹೇಳ್ಲಿಲ್ಲ ನಾನು.” ಮತ್ತೆ ಅಂದರು: “ನಿಮ್ಮವ್ವ ಆ ಮರದ ಕೆಳಗೆ ನಿಂತಿರೋದ ನೋಡಿದ್ರೆ ಬಾಯಿ ಬರ್ತಿರ್ಲಿಲ್ಲ. ನಾನೂ ಹೆತ್ತವಳು.”

ನನಗೆ ಗೊತ್ತಿದ್ದ ಬೈಗುಳಗಳೆಲ್ಲ ಗಂಟಲಿಗೆ ಬಂದವು. ಬಾಗಿಲಲ್ಲಿ ನಿಂತ ಆ ಹೆಂಗಸಿನ ಕಣ್ಣಲ್ಲಿ ನೀರಿತ್ತು, ಅದೂ ನಿಜ. ಆದರೆ ನೋಡಿ, ಅವರ ಕರುಣೆಗೂ ಒಂದು ಹೊಸ್ತಿಲಿತ್ತು. ಅದು ಹೊಸ್ತಿಲವರೆಗೆ ಬಂದು, ಒಂದು ಒಳ್ಳೆಯ ಮಾತು ಹೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಒಬ್ಬ ತಾಯಿ ಒಳಗೆ ಬಂದು ಕೈ ಇಡುವುದಕ್ಕಿಂತ ಅವಳ ಮಗ ಸತ್ತದ್ದನ್ನು ಬಚ್ಚಿಡುವುದು ಅವರಿಗೆ ಸುಲಭವಾಗಿತ್ತು. ಮಂಟಪದ ಕೆಳಗೆ ಈಗ ಬೆಚ್ಚಗಿರುವ ಆ ಇಟ್ಟಿಗೆ ಯಾರದು, ಅದರ ತಾಯಿ ಯಾವ ಮರದ ಕೆಳಗೆ ನಿಂತಿದ್ದಾಳೆ ಎಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಇಟ್ಟಿಗೆಯನ್ನು ಹೊಟ್ಟೆಗೆ ಕಟ್ಟಿಕೊಂಡು, ಮೇಲೆ ಸೆರಗು ಸುತ್ತಿ, ಪೊರಕೆಯನ್ನು ಅಲ್ಲೇ ಬಿಟ್ಟು ಬಂದೆ. ಆ ಮನೆಗೆ ಮತ್ತೆ ಹೋಗಲಿಲ್ಲ.

ದಾರಿಯಲ್ಲಿ ನನಗೆ ಒಂದು ಆಲೋಚನೆ ಬಂತು. ಮನೆಯಲ್ಲಿ ಅವ್ವ ಇರಲಿಲ್ಲ, ಸೌದೆಗೆ ಹೋಗಿದ್ದಳು. ಇಟ್ಟಿಗೆಯನ್ನು ತೊಳೆದು ಒಲೆಯ ಪಕ್ಕದ ಬೂದಿಯಲ್ಲಿ ಹೂತಿಟ್ಟೆ. ಅವಳು ಬರುವ ಹೊತ್ತಿಗೆ ಈಗಷ್ಟೇ ಎದ್ದ ಹಾಸಿಗೆಯಷ್ಟು ಬೆಚ್ಚಗಾಗಿತ್ತು. ಅವರು ಇಟ್ಟಿಗೆ ಬದಲಾಯಿಸಿದರಂತೆ, ನಮ್ಮದನ್ನು ಕೇಳಿ ತಂದೆ ಎಂದು ಅವಳ ಮಡಿಲಿಗೆ ಇಟ್ಟೆ. ಇಷ್ಟು ದಿನದ ಮೇಲೆ ಅವ್ವ ಮಗನನ್ನು ಮುಟ್ಟಿದಳು. ಅಂಗೈ ಮೇಲೆ ಅಂಗೈ ಇಟ್ಟಳು. ಅವಳ ಕೈ ದೊಡ್ಡದು, ಅವನದು ಅದರೊಳಗೆ ಮುಚ್ಚಿಹೋಯಿತು. ಕಣ್ಣು ಮುಚ್ಚಿ ಕೂತಳು. ನಾನು ಅಡುಗೆಯ ಕಡೆ ತಿರುಗಿದೆ. ಬಹಳ ಹೊತ್ತಾದ ಮೇಲೆ ಹಿಂದಿನಿಂದ ಅವಳ ದನಿ ಬಂತು.

“ಒಲೆ ಬಿಸಿ ಬೇರೆ ಕಣವ್ವ. ಮಗನ ಬಿಸಿ ಬೇರೆ.”

ನಾನು ತಿರುಗಲಿಲ್ಲ. ಅವಳು ಅಳಲೂ ಇಲ್ಲ. ಇಟ್ಟಿಗೆ ಪೂರ್ತಿ ಆರುವವರೆಗೂ ಮಡಿಲಲ್ಲೇ ಇಟ್ಟುಕೊಂಡಿದ್ದಳು. ಅವನು ಎಂದು ಹೋದ, ಸುರಂಗದಲ್ಲೋ, ಕಡಲಲ್ಲೋ, ಯಾವುದಾದರೂ ಕಟ್ಟಡದ ಮೇಲಿಂದಲೋ, ಹೋಗುವಾಗ ನೀರು ಕೊಡಲು ಯಾರಿದ್ದರು, ಏನೂ ತಿಳಿಯಲಿಲ್ಲ. ಸತ್ತ ದಿನ ಕೂಡ ತಿಳಿಯಲಿಲ್ಲ. ಅವನು ಸತ್ತ ಮೇಲೂ ಅವಳು ಹಬ್ಬದ ದಿನ ಎಣ್ಣೆ ನೀರು ಹಾಕಿಕೊಂಡು, ಹೂವು ಮುಡಿದು, ಮರದ ಕೆಳಗೆ ಹೋಗಿ ಬೆಚ್ಚಗಿದ್ದಾನೆ ಎಂದು ಕೇಳಿಸಿಕೊಂಡು ನಗುತ್ತಾ ಬಂದಿದ್ದಳು. ಸಂಜೆ ಕೂಸಯ್ಯ ಬಂದು ದಿಬ್ಬದಲ್ಲಿ ಗುಣಿ ತೋಡಿದ. ಅಂಗೈ ಕೆಳಗೆ ಮಾಡಿ ಹೂತೆವು.

ಆಮೇಲೆ ಊರಿನ ಮನೆಗಳಲ್ಲಿ ಒಂದೊಂದೇ ಇಟ್ಟಿಗೆ ತಣ್ಣಗಾಗತೊಡಗಿತು. ಆಗಲೇಬೇಕಲ್ಲ, ನಮ್ಮವರೇನು ಚಿರಂಜೀವಿಗಳೇ. ಬಚ್ಚಲುಗಳಲ್ಲಿ ಯಜಮಾನರುಗಳಿಗೆ ಚಳಿಯಾಯಿತು. ಮುನಿಸಿಪಾಲಿಟಿಯವರು ಕೇರಿಗೆ ಬಂದರು. ಹಿಂದೆಂದೂ ಬಾರದ ಕಾಲುಗಳು ಹೊಸ ಚಪ್ಪಲಿ ಹಾಕಿಕೊಂಡು ನಮ್ಮ ಓಣಿಯಲ್ಲಿ ನಡೆದವು. ಪುರಾತನ ಕಸುಬು ಉಳಿಯಬೇಕು, ನಿಮ್ಮ ಕೈಗುಣ ಲೋಕಕ್ಕೆ ಬೇಕು ಎಂದು ಭಾಷಣ ಮಾಡಿ, ಮಕ್ಕಳಿಗೆ ಲಾಡು ಹಂಚಿ, ಹಲ್ಲು ಬಿದ್ದ ಮಕ್ಕಳಿಗೆ ಅಂಗೈ ಕೊಡಿಸಿ ಎಂದರು.

ಲಾಡಿಗೆ ನಾವು ಬೀಳಲಿಲ್ಲ. ಕೇರಿ ಬಿದ್ದದ್ದು ಇನ್ನೊಂದಕ್ಕೆ. ಮಕ್ಕಳು ದೂರ ಹೋಗುತ್ತಾರೆ, ಹೋಗಲೇಬೇಕು, ಇಲ್ಲಿ ಏನಿದೆ. ಹೋದವರು ಇದ್ದಾರೋ ಇಲ್ಲವೋ ಎಂದು ಇಟ್ಟಿಗೆಯಿಲ್ಲದೆ ತಿಳಿಯುವುದು ಹೇಗೆ? ಬೇರೆ ಊರಿನ ತಾಯಂದಿರು ತಿಳಿಯದೆ ಹೇಗೆ ಬದುಕುತ್ತಾರೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಇಟ್ಟಿಗೆ ಮಾಡಿ ನಮ್ಮ ಮನೆಯಲ್ಲೇ ಇಟ್ಟುಕೊಳ್ಳೋಣ ಎಂದು ಕೆಲವರು ನೋಡಿದರು. ಗುಡಿಸಲಿನ ಗೋಡೆಯಡಿ ಇಟ್ಟರೆ ಅದು ಬರೀ ಮಣ್ಣಾಗಿ ಕೂತಿತು. ಅದನ್ನು ಎಬ್ಬಿಸುವಷ್ಟು ಭಾರ ನಮ್ಮ ಸೂರಿಗೆ ಇರಲಿಲ್ಲ. ದೊಡ್ಡವರ ಗೋಡೆ ಹೊತ್ತರೆ ಮಾತ್ರ ನಮ್ಮ ಮಕ್ಕಳು ಬದುಕಿರುವ ಸುದ್ದಿ ನಮಗೆ ಸಿಗುತ್ತದೆ. ಅದೂ ಹಿತ್ತಲ ಬಾಗಿಲಲ್ಲಿ, ಅವರು ಹೇಳಿದರೆ.

ಇಷ್ಟು ಗೊತ್ತಿದ್ದೂ ನಾನು ಮಣ್ಣು ತುಳಿದೆ. ನನ್ನ ಮಗಳು ಬೆಳ್ಳಿಯ ಮೊದಲ ಹಲ್ಲು ಆಗಷ್ಟೇ ಬಿದ್ದಿತ್ತು. ಅವಳು ಹೊಟ್ಟೆಯಲ್ಲಿದ್ದಾಗಲೇ ಅವಳ ಅಪ್ಪನ ಇಟ್ಟಿಗೆ ತಣ್ಣಗಾಗಿತ್ತು, ನನಗೆ ಇದ್ದವಳು ಅವಳೊಬ್ಬಳೇ. ಕಮಾನಿನ ಕೆಳಗೆ ಕೂತು ಕಲಿತ ಮಾತುಗಳನ್ನೆಲ್ಲ ನಾನು ಬಲ್ಲೆ, ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಲೂ ಬಲ್ಲೆ. ಆದರೆ ಮಗಳ ಕೈ ಹಿಡಿದಾಗ ಆ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ. ಕೂಸಯ್ಯ ಅಚ್ಚು ತಂದುಕೊಟ್ಟ. ಬೆಳ್ಳಿ ನಗುತ್ತಾ ಅಂಗೈ ಒತ್ತಿದಳು. ಹಸಿಮಣ್ಣಿನಲ್ಲಿ ಐದು ಬೆರಳು ಮೂಡಿದವು. ಅವ್ವ ಜಗುಲಿಯ ಮೇಲೆ ಕೂತು ನೋಡುತ್ತಿದ್ದಳು. ಅಂಗೈ ಕೊಡದ ಮಕ್ಕಳು ಬೇರಿಲ್ಲದ ಗಿಡ ಎಂದು ಕೇರಿಯ ಹೆಂಗಸರಿಗೆಲ್ಲ ಬೈದು ಬುದ್ಧಿ ಹೇಳುತ್ತಿದ್ದವಳು ಅವಳು. ಗುರುತಿಗೆ ಅವಳ ಬಳೆಯನ್ನೇ ಕೇಳೋಣ ಎಂದು ನಾನು ಕೈ ಚಾಚಿದೆ.

ಅವ್ವ ಎದ್ದು ಬಂದಳು. ಬಳೆ ಬಿಚ್ಚಲಿಲ್ಲ. ಪಕ್ಕದ ಗಡಿಗೆಯಿಂದ ಬೊಗಸೆ ನೀರು ತೆಗೆದು ಇಟ್ಟಿಗೆಯ ಮೇಲೆ ಸುರಿದು, ತನ್ನ ದೊಡ್ಡ ಕೈಯಿಂದ ನಿಧಾನವಾಗಿ ಸವರಿದಳು. ಮೊದಲು ಬೆರಳ ತುದಿಗಳು ಹೋದವು, ಆಮೇಲೆ ಅಂಗೈ. ಹಾಲು ಕುಡಿದು ಮಲಗಿದ ಕೂಸಿನ ಬೆನ್ನು ಸವರುವ ಹಾಗೆ ಸವರಿ ಸವರಿ, ಮಣ್ಣನ್ನು ನುಣ್ಣಗೆ ಮಾಡಿದಳು.

“ಬ್ಯಾಡ ಕಣವ್ವ.”

“ನಾಳೆ ಇವ್ಳು ಎಲ್ಗಾದ್ರ ಹೋದ್ರೆ, ಇದ್ದಾಳೋ ಇಲ್ವೋ ಅಂತ ನಂಗೆ ತಿಳಿಯೋದೆಂಗವ್ವ?”

“ತಿಳಿಯಾಕಿಲ್ಲ.” ಅವಳು ಕೈಯ ಕೆಸರನ್ನು ಗಡಿಗೆಯ ಅಂಚಿಗೆ ಒರೆಸಿದಳು. “ತಿಳೀದೆ ಇರೋದ ಕಲ್ತ್ಕೋ. ಒಬ್ರ ಹಿತ್ಲಲ್ಲಿ ನಿಂತು, ನನ್ ಕೂಸು ಬದ್ಕದಾ ಅಂತ ಕೇಳೋದ್ಕಿಂತ ವಾಸಿ.”

ಕೂಸಯ್ಯ ಅಲ್ಲೇ ನಿಂತಿದ್ದ. ಅಚ್ಚನ್ನು ಎತ್ತಿ ಮೊಣಕಾಲಿಗೆ ಹಾಕಿ ಎರಡು ಹೋಳು ಮಾಡಿ ನಮ್ಮ ಒಲೆಯ ಮುಂದೆ ಇಟ್ಟು ಹೋದ. ಆ ಬೇಸಿಗೆ ಇನ್ನೂ ಕೆಲವು ಮನೆಗಳಲ್ಲಿ ಹೆಂಗಸರು ನೀರು ಸುರಿದರಂತೆ. ಕೆಲವರು ಸುರಿಯಲಿಲ್ಲ, ಅವರನ್ನು ನಾನು ಬೈಯಲಾರೆ. ಅವರು ಈಗಲೂ ಮುಂಜಾನೆ ಒಂದೊಂದು ಹಿತ್ತಲಲ್ಲಿ ನಿಂತಿರುತ್ತಾರೆ.

ಅವ್ವ ಹೋದಳು. ಅವಳ ಇಟ್ಟಿಗೆ ಯಾರ ಮನೆಯಲ್ಲಿತ್ತೋ, ಯಾರಿಗೆ ಆ ದಿನ ಇದ್ದಕ್ಕಿದ್ದಂತೆ ಚಳಿಯಾಯಿತೋ ಗೊತ್ತಿಲ್ಲ. ನಾನೇ ಪಕ್ಕದಲ್ಲಿದ್ದೆ, ಇಟ್ಟಿಗೆಯ ಸಾಕ್ಷಿ ಬೇಕಾಗಲಿಲ್ಲ. ಅವಳ ಕೈ ನನ್ನ ಕೈಯೊಳಗೇ ಆರಿತು.

ಬೆಳ್ಳಿ ಬೆಳೆದಳು. ಮಾವ ಹೋದ ದಾರಿಯನ್ನೇ ಹಿಡಿದು ಕಡಲ ಕಡೆಗೆ ಹೋದಳು, ಅಲ್ಲಿ ಏನಿದೆಯೋ ನೋಡಿ ಬರುತ್ತೇನೆ ಎಂದು. ಹೋಗುವ ದಿನ ಹೊಸ ಸೇತುವೆಯ ಮೇಲೆ ಬಸ್ಸಿನ ಕಿಟಕಿಯಿಂದ ಕೈ ಆಡಿಸಿದಳು. ದೊಡ್ಡ ಕೈಯಾಗಿತ್ತು ಅದು, ಎಲ್ಲಿಯೂ ಅಚ್ಚಾಗದ ಕೈ. ಮೊದಮೊದಲು ಯಾರ ಕೈಲಾದರೂ ಹೇಳಿಕಳಿಸುತ್ತಿದ್ದಳು. ಈಗ ಬಹಳ ದಿನವಾಯಿತು. ಬದುಕಿದ್ದಾಳೆ ಎಂದುಕೊಳ್ಳುತ್ತೇನೆ. ಮೈ ಕಾದಿದ್ದರೆ ನನಗೆ ತಿಳಿಯುವುದಿಲ್ಲ, ಕಷಾಯ ಕಾಯಿಸಿ ಸುರಿಯಲು ಒಂದು ಜಾಗವೂ ಇಲ್ಲ. ಲೋಕದ ಉಳಿದ ತಾಯಂದಿರು ಹೇಗೆ ಕಾಯುತ್ತಾರೋ ಹಾಗೇ ಕಾಯುತ್ತೇನೆ, ಬಾಗಿಲ ಕಡೆ ಮುಖ ಮಾಡಿ.

ಬೆಳಗ್ಗೆ ಎಚ್ಚರವಾದಾಗ ಕಣ್ಣು ಬಿಡುವ ಮೊದಲೇ ನನ್ನ ಅಂಗೈ ಪಕ್ಕದ ಗೋಡೆಯನ್ನು ಹುಡುಕಿ ಹೋಗುತ್ತದೆ. ಗೋಡೆ ತಣ್ಣಗಿರುತ್ತದೆ. ಒಂದು ಗಳಿಗೆ ಎದೆ ನಿಂತ ಹಾಗಾಗುತ್ತದೆ. ಆಮೇಲೆ ನೆನಪಾಗುತ್ತದೆ, ಇದು ಬರೀ ಗೋಡೆ, ಇದರ ತಣುಪು ಯಾರ ಸಾವಿನ ಸುದ್ದಿಯೂ ಅಲ್ಲ.